ಪ್ರಸಾದ ತಿಂತೀರೇನ್ರಿ?

ರಾಯಚೂರಿನ ಆಫೀಸುಗಳಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತಿರುತ್ತದೆ. ಯಾರಾದರೊಬ್ಬರು ಮಂತ್ರಾಲಯಕ್ಕೆ ಹೋಗಿ ಬಂದಿರುತ್ತಾರೆ. ಮಾರನೇ ದಿನ ಪರಿಮಳ ಪ್ರಸಾದದ ಪೊಟ್ಟಣ ಟೇಬಲ್ಲಿನಿಂದ ಟೇಬಲ್ಲಿಗೆ ಸಾಗುತ್ತದೆ. ಸಣ್ಣ ಚೌಕದ ತುಂಡು, ಬಾಯಿಗೆ ಹಾಕಿದರೆ ತುಪ್ಪ ಸಕ್ಕರೆಯ ಘಮ. ನನ್ನ ಟೇಬಲ್ಲಿಗೆ ಬಂದಾಗ ಮಾತ್ರ ಕೊಡುವವರ ಕೈ ಸ್ವಲ್ಪ ತಡೆಯುತ್ತದೆ. "ನೀವು ತಿಂತೀರೇನ್ರಿ?" ಅಂತ ಕೇಳುತ್ತಾರೆ. ತಿಂತೀನಿ ಕೊಡ್ರಿ ಅಂತ ಕೈ ಚಾಚುತ್ತೇನೆ. ಅಲ್ಲಿಗೆ ಮುಗೀತು. ಇಷ್ಟು ವರ್ಷ ಹೀಗೇ ನಡೆದಿತ್ತು.

ಹೋದ ವರ್ಷ ನಮ್ಮ ಸೆಕ್ಷನ್ನಿಗೆ ಹೊಸದಾಗಿ ಒಬ್ಬ ಹುಡುಗಿ ಬಂದಳು. ಅವಳೂ ಕ್ರೈಸ್ತಳೇ. ನನ್ನ ಥರ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅಲ್ಲ, ಪಾಸ್ಟರ್ ಒಬ್ಬರು ಸ್ವಂತವಾಗಿ ಕಟ್ಟಿಕೊಂಡ ಸಣ್ಣ ಸಭೆಯೊಂದಕ್ಕೆ ಹೋಗುವವಳು. ಪೊಟ್ಟಣ ಅವಳ ಮುಂದೆ ಬಂದಾಗ "ಬ್ಯಾಡ ಸರ್, ನಾವು ಇದನ್ನ ತಿನ್ನಂಗಿಲ್ಲ" ಅಂದಳು. ಮುಖ ಸಿಂಡರಿಸಲಿಲ್ಲ, ದನಿ ಏರಿಸಲಿಲ್ಲ. ಟೀ ಬೇಡ ಅನ್ನುವಷ್ಟು ಸಲೀಸಾಗಿ ಅಂದಳು. ಪೊಟ್ಟಣ ಹಿಡಿದಿದ್ದ ಹಿರಿಯರು ನನ್ನ ಕಡೆ ತಿರುಗಿದರು. "ಅಲ್ರೀ, ಇಬ್ಬರೂ ಚರ್ಚಿಗೆ ಹೋಗೋರs. ನೀವು ತಿಂತೀರಿ, ಆಕಿ ಒಲ್ಲೆ ಅಂತಾಳ. ಯಾವುದು ಖರೆ?" ಇಬ್ಬರದೂ ಖರೆ ರೀ ಅಂದೆ. ಎಲ್ಲರೂ ನಕ್ಕರು. ಜಾರಿಕೊಳ್ಳೋ ಮಾತು ಅಂದುಕೊಂಡರು. ನಾನು ಹೇಳಿದ್ದು ಮಾತ್ರ ನಿಜವಾಗಿಯೂ ಅದನ್ನೇ.

ಚರ್ಚಿನ ಬಗ್ಗೆ ಜನ ಕೇಳುವ ಪ್ರಶ್ನೆಗಳಿಗೆ ಕೊರತೆಯಿಲ್ಲ. ಡಿಸೆಂಬರ್ ಬಂತೆಂದರೆ ಜಾಸ್ತಿ. ನಿಮ್ಮಲ್ಲಿ ತಾಳಿ ಕಟ್ತಾರಾ? ಕಟ್ತಾರೆ, ನಮ್ಮ ಕಡೆ ಬಹಳ ಮಂದಿ ಕಟ್ತಾರೆ, ಅದರಲ್ಲೊಂದು ಪುಟ್ಟ ಶಿಲುಬೆ ಇರುತ್ತದೆ. ಕ್ರಿಸ್‌ಮಸ್ ತಾರೀಕು ಬದಲಾಗಲ್ಲ, ಈಸ್ಟರ್ ಯಾಕೆ ಪ್ರತಿ ವರ್ಷ ಬೇರೆ ದಿನ? ಅದಕ್ಕೆ ಹುಣ್ಣಿಮೆ ನೋಡಬೇಕು ರೀ, ಮಾರ್ಚ್ 21ಕ್ಕೋ ಆಮೇಲೋ ಬರುವ ಮೊದಲ ಹುಣ್ಣಿಮೆ ಕಳೆದ ಭಾನುವಾರ. ಯೇಸುವಿನ ತಾಯಿ ಮರಿಯಮ್ಮ ದೇವರಾ? ಅಲ್ಲ, ಆರ್‌ಸಿ ಅಂದರೆ ರೋಮನ್ ಕಥೋಲಿಕ ಚರ್ಚಿನವರು 'ನಮಗಾಗಿ ನಿನ್ನ ಮಗನ ಹತ್ತಿರ ಬೇಡಿಕೋ ತಾಯಿ' ಅಂತ ಕೇಳುತ್ತಾರೆ, ನಾವು ಪ್ರೊಟೆಸ್ಟೆಂಟರು ಅದನ್ನೂ ಕೇಳುವುದಿಲ್ಲ. ಅವರ ಬೈಬಲ್ಲೂ ನಿಮ್ಮ ಬೈಬಲ್ಲೂ ಒಂದೇನಾ? ಅವರಲ್ಲಿ 73 ಪುಸ್ತಕ, ನಮ್ಮಲ್ಲಿ 66. ಇವಕ್ಕೆಲ್ಲಾ ಒಂದು ಸಾಲಿನ ಉತ್ತರ ಸಾಕು. ಕೇಳಿದವರು ಹೌದಾ ಅಂತ ತಲೆಯಾಡಿಸಿ ಕೆಲಸಕ್ಕೆ ಹೋಗುತ್ತಾರೆ. ಪ್ರಸಾದದ ಪ್ರಶ್ನೆಗೆ ಒಂದು ಸಾಲು ಸಾಲದು. ನಂಬಿಕೆಯ ಪ್ರಶ್ನೆಗಳಲ್ಲಿ ಕೈಗೂ ಬಾಯಿಗೂ ಬರುವ ಪ್ರಶ್ನೆ ಇದೊಂದೇ. ಆ ಕಡೆಯ ಕೈ ಅಲ್ಲೇ ಕಾಯುತ್ತಾ ಇರುತ್ತದೆ.

ಕೊರಿಂಥದ ಮಾಂಸದಂಗಡಿ

ಈ ಪ್ರಶ್ನೆ ಇವತ್ತಿನದಲ್ಲ. ಕ್ರಿಸ್ತಶಕ 55ರ ಆಸುಪಾಸಿನಲ್ಲಿ ಗ್ರೀಸಿನ ಕೊರಿಂಥದ ಸಭೆಯವರಿಗೂ ಇದೇ ತಲೆನೋವಿತ್ತು. ಅದು ವ್ಯಾಪಾರದ ಊರು, ದುಡ್ಡಿನ ಊರು, ಗುಡಿಗಳ ಊರು. ಗುಡಿಯಲ್ಲಿ ಬಲಿಯಾದ ಪ್ರಾಣಿಯ ಒಂದು ಪಾಲು ದೇವರಿಗೆ, ಒಂದು ಪಾಲು ಪೂಜಾರಿಗೆ, ಉಳಿದದ್ದು ಅಲ್ಲೇ ಊಟಕ್ಕೆ ಅಥವಾ ಪೇಟೆಯ ಮಾಂಸದಂಗಡಿಗೆ. ಅಸ್ಕ್ಲೇಪಿಯಸ್ ಅನ್ನುವ ದೇವರ ಗುಡಿಗೆ ಹೊಂದಿಕೊಂಡು ಊಟದ ಕೋಣೆಗಳೇ ಇದ್ದವು, ಅಗೆತದಲ್ಲಿ ಸಿಕ್ಕಿವೆ. ನಮ್ಮ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಊರಮ್ಮನ ಹಬ್ಬದ ಮಾರನೇ ದಿನ ಊಟಕ್ಕೆ ಬರ್ರಿ ಅಂತ ಕರೆ ಬಂದರೆ ತಟ್ಟೆಯಲ್ಲಿ ಏನಿರುತ್ತದೆ, ಅದು ಎಲ್ಲಿಂದ ಬಂತು ಅಂತ ಎಲ್ಲರಿಗೂ ಗೊತ್ತು. ಹೊಸದಾಗಿ ಕ್ರೈಸ್ತರಾದವರು ಅದನ್ನ ತಿನ್ನಬಹುದಾ? ಊರಿನ ಜೊತೆ ಬಾಳಬೇಕು, ನಂಟರ ಮನೆಗೆ ಹೋಗಬೇಕು. ಬಿಟ್ಟರೆ ಒಂಟಿ, ತಿಂದರೆ ಸಭೆಯಲ್ಲಿ ಗುಸುಗುಸು.

ಯೇಸುವಿನ ಸುದ್ದಿ ಸಾರುತ್ತಾ ಊರೂರು ತಿರುಗಿದ ಪೌಲ ಅವರಿಗೆ ಬರೆದ ಪತ್ರ ಬೈಬಲ್ಲಿನಲ್ಲಿದೆ, ಅದರಲ್ಲಿ ಅವನು ಕೊಟ್ಟ ಉತ್ತರವನ್ನ ಓದಿದಾಗಲೆಲ್ಲಾ ಈ ಮನುಷ್ಯ ಊರಿನ ಪಂಚಾಯ್ತಿ ಕಟ್ಟೆಯ ಮೇಲೆ ಕೂತು ನ್ಯಾಯ ಹೇಳಿದವನೇ ಇರಬೇಕು ಅನ್ನಿಸುತ್ತದೆ. ಅಂಗಡಿಯಲ್ಲಿ ಮಾರೋದನ್ನ ಎಲ್ಲಿಂದ ಬಂತು ಏನು ಅಂತ ಕೆದಕದೆ ತಗೊಂಡು ತಿನ್ನಿ ಅನ್ನುತ್ತಾನೆ. ಯಾರಾದರೂ ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನ ಉಣ್ಣಿ. ವಿಗ್ರಹದಲ್ಲಿ ಏನೂ ಇಲ್ಲ, ತಿಂದರೆ ನಷ್ಟವಿಲ್ಲ, ತಿನ್ನದಿದ್ದರೆ ಲಾಭವಿಲ್ಲ. ಆದರೆ ಪಕ್ಕದಲ್ಲಿ ಕೂತವನು 'ಇದು ಬಲಿ ಕೊಟ್ಟಿದ್ದು' ಅಂತ ಎತ್ತಿ ಹೇಳಿದರೆ ತಿನ್ನಬೇಡಿ. ನಿಮಗೋಸ್ಕರ ಅಲ್ಲ, ಹಾಗೆ ಹೇಳಿದವನ ಮನಸ್ಸಿಗೋಸ್ಕರ. ಗುಡಿಯಲ್ಲೇ ಕೂತು ಆ ಪೂಜೆಯ ಪಾಲುಗಾರರಾಗಿ ಉಣ್ಣುವುದು ಮಾತ್ರ ಬೇಡ, ಕರ್ತನ ಮೇಜಿಗೂ, ಅಂದರೆ ಯೇಸುವಿನ ನೆನಪಿಗೆ ಹಂಚುವ ರೊಟ್ಟಿ ಬಟ್ಟಲಿಗೂ, ಅದಕ್ಕೂ ಒಟ್ಟಿಗೆ ಕೈ ಹಾಕಬೇಡಿ ಅನ್ನುತ್ತಾನೆ. ಅಂದರೆ ಒಂದೇ ತುಂಡು ಒಂದು ಕಡೆ ತಿನ್ನಬಹುದು, ಇನ್ನೊಂದು ಕಡೆ ತಿನ್ನಬಾರದು. ತುಂಡಿನಲ್ಲಿ ವ್ಯತ್ಯಾಸ ಇಲ್ಲ. ಎದುರಿಗಿರುವ ಜನದಲ್ಲಿ ಇದೆ. ನಮ್ಮ ಬಳ್ಳಾರಿಯವರಿಗೆ ಈ ಪತ್ರದ ಮೇಲೆ ಸ್ವಲ್ಪ ಹಕ್ಕು ಜಾಸ್ತಿ ಅಂತ ನಾನು ತಮಾಷೆ ಮಾಡುತ್ತಿರುತ್ತೇನೆ. 1810ರಲ್ಲಿ ಲಂಡನ್ ಮಿಷನ್ನಿನಿಂದ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಅವರೇ ಕನ್ನಡಕ್ಕೆ ಬೈಬಲ್ ತರುವ ಕೆಲಸಕ್ಕೆ ಕೂತವರು.

ಪೌಲ ಇಷ್ಟು ಹೇಳಿದರೂ ವಿಷಯ ಬಗೆಹರಿಯಲಿಲ್ಲ. ಅದಕ್ಕೂ ಮೊದಲೇ ಯೆರೂಸಲೇಮಿನ ಹಿರಿಯರು ಕೂಡಿ ಮಾಡಿದ್ದ ತೀರ್ಮಾನ ಬೈಬಲ್ಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 15ನೇ ಅಧ್ಯಾಯದಲ್ಲಿದೆ. ವಿಗ್ರಹಕ್ಕೆ ಒಪ್ಪಿಸಿದ್ದನ್ನ ಬಿಡಿ, ರಕ್ತವನ್ನ ಬಿಡಿ ಅಂತ ಅಲ್ಲಿ ನೇರವಾಗಿಯೇ ಇದೆ. ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಅಂಥದ್ದನ್ನ ತಿಂದವರಿಗೆ ಬೈಗುಳವೂ ಇದೆ. ಹಾಗಾಗಿ ಪ್ರಸಾದ ಮುಟ್ಟಬೇಡಿ ಅನ್ನುವ ಪಾಸ್ಟರು ಏನೋ ಹೊಸದಾಗಿ ಹುಟ್ಟಿಸಿ ಹೇಳುತ್ತಿಲ್ಲ. ಅವರ ಕೈಯಲ್ಲೂ ವಚನ ಇದೆ. ತಮಾಷೆ ಏನಂದರೆ ನಾನು ಬಲ್ಲ ಅಂಥ ಪಾಸ್ಟರೊಬ್ಬರು ಕುರಿಯ ರಕ್ತದ ಪಲ್ಯ ಮಾಡಿಸಿಕೊಂಡು ಚಪ್ಪರಿಸಿ ತಿನ್ನುತ್ತಿದ್ದರು. ಪ್ರಸಾದ ಬೇಡ ಅಂದ ಆ ಸಾಲಿನಲ್ಲೇ ರಕ್ತವೂ ಬೇಡ ಅಂತಿದೆ, ಅದು ಅವರ ಕಣ್ಣಿಗೆ ಬೀಳಲಿಲ್ಲ. ಇನ್ನು ಬಳ್ಳಾರಿಯ ಕೌಲ್ ಬಜಾರಿನ ಮಟನ್ ಅಂಗಡಿ. ಅಲ್ಲಿ ಬಿಸ್ಮಿಲ್ಲಾ ಹೇಳಿ ಕೊಯ್ದ ಮಾಂಸವನ್ನ ಭಾನುವಾರ ಚರ್ಚ್ ಮುಗಿಸಿ ಚೀಲ ಹಿಡಿದು ತರದ ಕ್ರೈಸ್ತರ ಮನೆ ಯಾವುದು? ಅದರ ಬಗ್ಗೆ ಯಾರೂ ಯಾವತ್ತೂ ಕೇಳಿಲ್ಲ. ಪೌಲ ಹೇಳಿದ ಹಾಗೆ ಕೆದಕದೆ ತಿಂದು ಬಂದಿದ್ದೇವೆ.

112ರ ಸುಮಾರಿಗೆ ಈಗಿನ ಟರ್ಕಿಯ ಒಂದು ಪ್ರಾಂತ್ಯಕ್ಕೆ ಪ್ಲೀನಿ ಅನ್ನುವವನು ರೋಮಿನ ಅಧಿಕಾರಿಯಾಗಿದ್ದ. ಕ್ರೈಸ್ತರನ್ನ ಹಿಡಿದು ವಿಚಾರಣೆ ಮಾಡಿದ ಮೇಲೆ ಅವನು ಚಕ್ರವರ್ತಿಗೆ ಬರೆದ ಕಾಗದ ಉಳಿದಿದೆ. ಇವರು ಬೆಳಗಾಗುವ ಮುಂಚೆ ಸೇರಿ ಹಾಡು ಹೇಳುತ್ತಾರೆ, ಆಮೇಲೆ ಸೇರಿ ಉಣ್ಣುತ್ತಾರೆ, ಅದು ಎಲ್ಲರೂ ಉಣ್ಣುವಂಥ ಊಟವೇ ಅಂತ ಬರೆಯುತ್ತಾನೆ. ಬಲಿಯ ಮಾಂಸ ಕೊಳ್ಳುವವರು ಸಿಗುವುದೇ ಅಪರೂಪವಾಗಿತ್ತು, ಈಗ ಮತ್ತೆ ವ್ಯಾಪಾರ ಶುರುವಾಗಿದೆ ಅಂತಲೂ ಇದೆ. ಅಂದರೆ ಆಗಲೇ ಬಹಳ ಮಂದಿ ತಿನ್ನುವುದನ್ನ ಬಿಟ್ಟಿದ್ದರು. ಆ ಅಧಿಕಾರಿಗೆ ಕಂಡಿದ್ದು ಇವರ ತತ್ವ ಅಲ್ಲ. ಇವರು ಏನು ಉಣ್ಣುತ್ತಾರೆ, ಏನು ಉಣ್ಣುವುದಿಲ್ಲ ಅನ್ನುವುದು. ನಮ್ಮ ಆಫೀಸಿನವರಿಗೂ ಕಾಣುವುದು ಅದೇ, ತಪ್ಪೇನಿಲ್ಲ.

ಆ ಹುಡುಗಿಯನ್ನ ಒಂದು ದಿನ ಟೀ ಹೊತ್ತಿನಲ್ಲಿ ಕೇಳಿದೆ. ಅವಳು ಯಾವ ವಚನವನ್ನೂ ಹೇಳಲಿಲ್ಲ. "ನಮ್ಮವ್ವ ಒಬ್ಬಾಕೀನs ನನ್ನ ಸಾಕ್ಯಾಳ ಸರ್. ಆಕಿ ತಿನ್ನಂಗಿಲ್ಲ. ನಾ ಇಲ್ಲಿ ತಿಂದು ಮನಿಗೆ ಹೋದ್ರ ಆಕಿ ಮುಂದ ಸುಳ್ಳು ಹೇಳಬೇಕಾಗ್ತದ" ಅಂದಳು. ಪೌಲ ಎರಡು ಅಧ್ಯಾಯದಲ್ಲಿ ಬರೆದದ್ದನ್ನ ಇವಳು ಒಂದು ಲೋಟ ಟೀ ಮುಗಿಯುವುದರೊಳಗೆ ಹೇಳಿಬಿಟ್ಟಳು.

ಮೇಲಿಂದ ಹಾಕಿದ ಬೆಲ್ಲ

ನಾನು ತಿನ್ನುತ್ತೇನೆ ಅಂದೆನಲ್ಲ, ನಮ್ಮಜ್ಜಿ ತಿನ್ನುತ್ತಿರಲಿಲ್ಲ. ಅವಳ ಕಾರಣ ಪೌಲನಿಗೂ ಹೊಳೆದಿರಲಾರದು.

ಅಜ್ಜಿ ಹುಟ್ಟಿದ್ದು ಸಿರುಗುಪ್ಪ ಕಡೆಯ ಒಂದು ಹಳ್ಳಿಯಲ್ಲಿ, ಊರ ಹೊರಗಿನ ಕೇರಿಯಲ್ಲಿ. ಬಳ್ಳಾರಿ, ರಾಯಚೂರು, ಕೊಪ್ಪಳ, ನಮ್ಮ ಈ ಮೂರು ಜಿಲ್ಲೆಗಳ ಹಳ್ಳಿ ಸಭೆಗಳಲ್ಲಿ ಬಹಳ ಮನೆಗಳ ಕತೆ ಅಲ್ಲಿಂದಲೇ ಶುರುವಾಗುತ್ತದೆ, ಮುಚ್ಚಿಡುವಂಥದ್ದು ಏನಿಲ್ಲ. ಜಾತ್ರೆಯ ದಿನ ಕೇರಿಯ ಮಕ್ಕಳು ಗುಡಿಯಿಂದ ದೂರ ಸಾಲಾಗಿ ನಿಲ್ಲಬೇಕಿತ್ತು. ಕೊನೆಗೆ ಯಾರೋ ಒಬ್ಬರು ಬುಟ್ಟಿ ತಂದು ಪುಟಾಣಿ, ಬೆಲ್ಲ, ಕೊಬ್ಬರಿ ಚೂರು ಹಾಕುತ್ತಿದ್ದರು. ಕೈಗೆ ಕೊಡುತ್ತಿರಲಿಲ್ಲ, ಮೇಲಿಂದ ಬಿಡುತ್ತಿದ್ದರು. ಅಜ್ಜಿ ಇದನ್ನ ಹೇಳುವಾಗ ಎರಡೂ ಕೈ ಬೊಗಸೆ ಮಾಡಿ, ಮೊಣಕೈ ಮೈಗೆ ಒತ್ತಿ, ತಲೆ ಸ್ವಲ್ಪ ಹಿಂದಕ್ಕೆಳೆದು ತೋರಿಸುತ್ತಿದ್ದಳು. ಬೀಳುವುದರಲ್ಲಿ ಅರ್ಧ ಬೊಗಸೆಗೆ, ಅರ್ಧ ಮಣ್ಣಿಗೆ. "ಪುಟಾಣಿ ಹೋದ್ರ ಹೋಗ್ಲಿ ಅಂತ ಬಿಡ್ತಿದ್ವಿ. ಬೆಲ್ಲ ಮಾತ್ರ ಆರಿಸ್ಕೊಂಡು ಸೆರಗಿಗೆ ಒರಿಸಿ ತಿಂತಿದ್ವಿ" ಅನ್ನುತ್ತಿದ್ದಳು. ಸಿಟ್ಟಿನಿಂದ ಹೇಳಿದ್ದು ನಾನು ಕೇಳಿಲ್ಲ. ಮಳೆ ಬಂತು, ಬೆಳೆ ಬಂತು ಅನ್ನುವ ದನಿಯಲ್ಲೇ ಹೇಳುತ್ತಿದ್ದಳು.

ಅವಳ ಅಪ್ಪ ಮಿಷನ್ ಸಭೆಗೆ ಸೇರಿದ ಮೇಲೆ ಅವಳು ಮೊದಲ ಸಲ ಕರ್ತನ ಭೋಜನಕ್ಕೆ ಹೋದ ಕತೆ ಇನ್ನೊಂದು. ಯೇಸು ಸಾಯುವ ಹಿಂದಿನ ರಾತ್ರಿ ಶಿಷ್ಯರ ಜೊತೆ ರೊಟ್ಟಿ ಮುರಿದು ಹಂಚಿ, ಒಂದೇ ಬಟ್ಟಲಿನಿಂದ ಕುಡಿಯಲು ಕೊಟ್ಟದ್ದರ ನೆನಪಿಗೆ ಮಾಡುವುದು ಅದು, ಎಲ್ಲರಿಗೂ ಗೊತ್ತಿದೆ. ಅಜ್ಜಿಗೆ ಅವತ್ತು ಇದ್ಯಾವುದೂ ತಲೆಗೆ ಹೋಗಿರಲಿಲ್ಲ. ಅವಳು ನೋಡಿದ್ದು ಬಟ್ಟಲನ್ನ. ಮುಂದಿನ ಸಾಲಿನಲ್ಲಿ ಮಿಷನ್ ಶಾಲೆಯ ಹೆಡ್‌ಮೇಷ್ಟ್ರು ಮೊಣಕಾಲೂರಿದ್ದರು. ಅವರು ಬೇರೆ ಕೇರಿಯಿಂದ, ದೊಡ್ಡ ಮನೆತನದಿಂದ ಬಂದವರು. ಅವರು ಕುಡಿದರು. ಅಯ್ಯನವರು ಬಿಳಿ ಬಟ್ಟೆಯಿಂದ ಬಟ್ಟಲಿನ ಅಂಚು ಒರೆಸಿ, ಸ್ವಲ್ಪ ತಿರುಗಿಸಿ, ಪಕ್ಕದವರಿಗೆ ಹಿಡಿದರು. ಆಮೇಲೆ ನಮ್ಮಜ್ಜಿಯ ಅಪ್ಪನಿಗೆ. ಆಮೇಲೆ ಅವಳಿಗೆ. ಅವಳಾದ ಮೇಲೆ ಮೇಷ್ಟ್ರ ಹೆಂಡತಿಗೆ. ಅಜ್ಜಿ ಕತ್ತು ತಿರುಗಿಸಿ ನೋಡುತ್ತಲೇ ಇದ್ದಳಂತೆ. ಆಯಮ್ಮ ಕುಡೀತಾರೋ ಇಲ್ಲವೋ ಅಂತ. ಕುಡಿದರು. ಆ ಊರಿನ ಚಹಾದಂಗಡಿಯಲ್ಲಿ ಅಜ್ಜಿಯ ಮನೆಯವರ ಲೋಟ ಹೊರಗಿನ ಗೂಡಿನಲ್ಲಿ ಇರುತ್ತಿತ್ತು. ಕುಡಿದು, ತೊಳೆದು, ಅಲ್ಲೇ ಇಟ್ಟು ಬರಬೇಕಿತ್ತು. ಇನ್ನು ರೊಟ್ಟಿ ರಕ್ತಮಾಂಸವಾಗುತ್ತದೋ ಬರೀ ನೆನಪೋ ಅನ್ನುವ ಚರ್ಚೆಯನ್ನ ಅವಳ ಮುಂದೆ ಯಾರು ಎತ್ತಿದರೂ "ನನಗ ಆ ಬಟ್ಟಲ ಸಾಕು" ಅನ್ನುತ್ತಿದ್ದಳು.

ವಯಸ್ಸಾದ ಮೇಲೆ ಅವಳು ಬಳ್ಳಾರಿಯಲ್ಲಿ ನಮ್ಮ ಜೊತೆ ಇದ್ದಳು. ಅಕ್ಕಪಕ್ಕದ ಮನೆಗಳಿಂದ ದುರ್ಗಮ್ಮನ ಗುಡಿಯ ಪ್ರಸಾದ ಬರುತ್ತಿತ್ತು. ಅವರು ತಟ್ಟೆಯಲ್ಲಿಟ್ಟು, ಒಳಗೆ ಬಂದು, ಕೈಗೆ ಕೊಡುತ್ತಿದ್ದರು. ಒಳ್ಳೆ ಜನ. ಅಜ್ಜಿ ನಕ್ಕು, ಮಾತಾಡಿಸಿ, ತಟ್ಟೆ ತಗೊಂಡು ನಮಗೆ ಕೊಟ್ಟುಬಿಡುತ್ತಿದ್ದಳು. ತಾನು ತಿನ್ನುತ್ತಿರಲಿಲ್ಲ. ಪಾಸ್ಟರು ಬೇಡ ಅಂದಿದ್ದಕ್ಕಾ ಅಂತ ನಾನೊಮ್ಮೆ ಕೇಳಿದ್ದೆ. "ಪಾಸ್ಟರಿಗೇನು ಗೊತ್ತು? ಆಗ ಬೇಕಾಗಿತ್ತು, ಕೈಗೆ ಕೊಡಲಿಲ್ಲ. ಈಗ ಕೈಗೆ ಕೊಡ್ತಾರ, ನನಗ ಬೇಕಾಗಿಲ್ಲ." ಇದರಲ್ಲಿ ದೇವರ ಮೇಲಿನ ದ್ವೇಷ ಹುಡುಕಿದರೆ ಸಿಗುವುದಿಲ್ಲ. ತನಗೂ ಬೇಡ ಅನ್ನುವ ಹಕ್ಕಿದೆ ಅಂತ ತೋರಿಸಿದಳು ಅಷ್ಟೇ. ಕ್ರೈಸ್ತರು ಪ್ರಸಾದ ನಿರಾಕರಿಸುವುದನ್ನ ಬರೀ ಕುರುಡು ನಂಬಿಕೆ, ಬರೀ ಸೊಕ್ಕು ಅಂತ ಯಾರಾದರೂ ಬರೆದಾಗ ನನಗೆ ಆ ಬೊಗಸೆ ಕಣ್ಣ ಮುಂದೆ ಬರುತ್ತದೆ.

ಅದೇ ಕಾರಣಕ್ಕೆ ನಾನು ತಿನ್ನುವುದು. ನನಗೆ ಯಾರೂ ಮೇಲಿಂದ ಹಾಕಿಲ್ಲ. ಕೊಪ್ಪಳದಲ್ಲಿ ಕೆಲಸದಲ್ಲಿದ್ದಾಗ ಗವಿಮಠದ ಜಾತ್ರೆಯ ದಾಸೋಹಕ್ಕೆ ಗೆಳೆಯರ ಜೊತೆ ಹೋಗುತ್ತಿದ್ದೆ. ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ರೊಟ್ಟಿ ಬರುತ್ತವೆ. ಯಾರ ಮನೆಯ ರೊಟ್ಟಿ, ಯಾರು ತಟ್ಟಿದ್ದು, ಯಾರೂ ಕೇಳುವುದಿಲ್ಲ. ಮಾದಲಿ ಹಾಕಿಸಿಕೊಂಡು ಯಾರ ಪಕ್ಕ ಜಾಗ ಸಿಕ್ಕಿತೋ ಅಲ್ಲಿ ಕೂತು ಉಂಡಿದ್ದೇನೆ. ಗುಡಿಯ ಅಂಗಳದಲ್ಲಿ ಕೂತು ಉಣ್ಣಬೇಡಿ ಅಂದ ಪೌಲನ ಮಾತು ಇದಕ್ಕೂ ಅನ್ವಯಿಸುತ್ತದಾ? ಕಟ್ಟುನಿಟ್ಟಾಗಿ ನೋಡಿದರೆ ಅನ್ವಯಿಸಬಹುದು. ನಮ್ಮ ಹಿರಿಯರೊಬ್ಬರು ನನಗೆ ಹಾಗೇ ಹೇಳಿದರು. ಅವರ ಮಾತು ಕೇಳಿಸಿಕೊಂಡೆ, ಮುಂದಿನ ವರ್ಷ ಮತ್ತೆ ಹೋದೆ.

ವೈನ್ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಅದು ಆಫೀಸಿನ ಎರಡನೇ ಪ್ರೀತಿಯ ಪ್ರಶ್ನೆ: ಚರ್ಚಿನಲ್ಲಿ ವೈನ್ ಕೊಡ್ತಾರಂತಲ್ಲ, ಏರೋದಿಲ್ಲೇನ್ರಿ? ಆರ್‌ಸಿ ಚರ್ಚಿನ ನಿಯಮದಂತೆ ಅದು ದ್ರಾಕ್ಷಿಯ ನಿಜವಾದ ವೈನೇ ಆಗಿರಬೇಕು, ರೊಟ್ಟಿ ಗೋಧಿಯದೇ ಆಗಿರಬೇಕು. ಆದರೆ ನಮ್ಮ ಕಡೆ ಸಾಮಾನ್ಯವಾಗಿ ಕುಡಿಯುವುದು ಫಾದರ್ ಮಾತ್ರ, ಜನಕ್ಕೆ ಸಿಗುವುದು ತೆಳ್ಳನೆಯ ರೊಟ್ಟಿ. ಪ್ರೊಟೆಸ್ಟೆಂಟರಲ್ಲೇ ಒಂದು ಪಂಗಡವಾದ ಮೆಥಡಿಸ್ಟರದು ಬೇರೆ ದಾರಿ. ಅಮೆರಿಕದಲ್ಲಿ ಥಾಮಸ್ ವೆಲ್ಚ್ ಅನ್ನುವ ಮೆಥಡಿಸ್ಟ್ ಹಲ್ಲಿನ ಡಾಕ್ಟರು 1869ರಲ್ಲಿ ದ್ರಾಕ್ಷಿರಸ ಹುಳಿಯದ ಹಾಗೆ ಕಾಯಿಸಿ ಬಾಟಲಿಗೆ ತುಂಬುವುದನ್ನ ಕಂಡುಹಿಡಿದಿದ್ದೇ ಚರ್ಚಿನ ಬಟ್ಟಲಿಗೋಸ್ಕರ. ನಮ್ಮ ಹಳ್ಳಿ ಸಭೆಯಲ್ಲಿ ಬಾಟಲಿಯೂ ಇಲ್ಲ. ಶನಿವಾರ ರಾತ್ರಿ ನಮ್ಮತ್ತೆ ಕಪ್ಪು ಒಣದ್ರಾಕ್ಷಿ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಕೈಯಲ್ಲಿ ಹಿಸುಕಿ, ತೆಳು ಬಟ್ಟೆಯಲ್ಲಿ ಸೋಸುತ್ತಿದ್ದರು. ಬೀಜದ ಒಗರು ಸ್ವಲ್ಪ ಉಳಿಯುತ್ತಿತ್ತು. ಬಟ್ಟೆಯಲ್ಲಿ ಉಳಿದ ಹಿಪ್ಪೆಗೆ ನಾವು ಹುಡುಗರು ಕಾದು ಕೂತಿರುತ್ತಿದ್ದೆವು. ಆದ್ದರಿಂದ, ಇಲ್ಲ ರೀ, ಯಾರಿಗೂ ಏರುವುದಿಲ್ಲ. 2020ರಲ್ಲಿ ಕೊರೊನಾ ಬಂದ ಮೇಲೆ ನಮ್ಮ ಸಭೆಯಲ್ಲಿ ಒಂದೇ ಬಟ್ಟಲು ಹೋಗಿ ಪುಟಾಣಿ ಲೋಟಗಳು ಬಂದವು. ಆರೋಗ್ಯಕ್ಕೆ ಸರಿಯೇ, ವಾದ ಮಾಡುವುದಿಲ್ಲ. ಆದರೆ ಕಾಯಿಲೆಯ ಭಯ ಹೋದ ಮೇಲೂ ಬಟ್ಟಲು ವಾಪಸ್ ಬರಲಿಲ್ಲ. ಅದು ಯಾಕೆ ಅಷ್ಟು ಸುಲಭವಾಗಿ ಎಲ್ಲರಿಗೂ ಒಪ್ಪಿಗೆಯಾಯಿತು ಅಂತ ನನಗೊಂದು ಅನುಮಾನ ಇದೆ. ಚರ್ಚಿನೊಳಗೆ ಜಾತಿ ಸತ್ತಿದೆ ಅಂತ ನಂಬುವವರು ಮದುವೆ ಮಾತುಕತೆಗೆ ಒಮ್ಮೆ ಕೂರಬೇಕು.

"ಖಾಲಿ ಆತೇನು?"

ಇಲ್ಲಿತನಕ ನಾವು ತಿನ್ನುತ್ತೇವಾ ಅನ್ನುವ ಮಾತಾಯಿತು. ಈಗ ನಾವು ಕೊಡುತ್ತೇವಾ ಅನ್ನುವುದು. ಇದನ್ನ ಕೇಳಿದ್ದು ನನ್ನ ಸಹೋದ್ಯೋಗಿಯೊಬ್ಬರ ತಾಯಿ, ಕುಷ್ಟಗಿ ಕಡೆಯ ಲಿಂಗಾಯತ ಮನೆತನದ ಹಿರಿಯಾಕೆ.

ಕ್ರಿಸ್‌ಮಸ್ ರಾತ್ರಿಯ ಪೂಜೆ ನೋಡಬೇಕು ಅಂತ ಅವರು ಮಗನ ಜೊತೆ ಬಳ್ಳಾರಿಯ ಆರ್‌ಸಿ ಚರ್ಚಿಗೆ ಬಂದಿದ್ದರು. ನನ್ನ ಹೆಂಡತಿ ಕಥೋಲಿಕಳು, ಮುದಗಲ್ಲಿನವಳು. ಹಾಗಾಗಿ ನಾನೂ ಅಲ್ಲೇ ಇದ್ದೆ. ಅಮ್ಮ ಮುಂದಿನ ಬೆಂಚಿನಲ್ಲಿ ಸೆರಗು ಹೊದ್ದು ಕೂತು ಎಲ್ಲವನ್ನೂ ಇಷ್ಟಪಟ್ಟು ನೋಡುತ್ತಿದ್ದರು. ಪರಮಪ್ರಸಾದಕ್ಕೆ, ನಾವು ಕರ್ತನ ಭೋಜನ ಅನ್ನುವುದಕ್ಕೆ, ಜನ ಎದ್ದು ಸಾಲು ನಿಂತರು. ಅಮ್ಮನೂ ಎದ್ದು ನಿಂತರು. ಗುಡಿಗೆ ಬಂದ ಮೇಲೆ ಪ್ರಸಾದ ತಗೊಳ್ಳದೇ ಹೋಗುವುದುಂಟಾ? ಮಗ ಎಲ್ಲೋ ಹಿಂದೆ ಫೋನು ಹಿಡಿದು ನಿಂತಿದ್ದ. ಸಾಲು ಮುಂದೆ ಹೋಯಿತು. ಎಲ್ಲರೂ ಎಡ ಅಂಗೈ ಮೇಲೆ ಮಾಡಿ, ಬಲಗೈ ಅದರ ಕೆಳಗ ಹಿಡಿದು, "ಕ್ರಿಸ್ತರ ಶರೀರ" ಅಂದಾಗ "ಆಮೆನ್" ಅನ್ನುತ್ತಿದ್ದರು. ಅಮ್ಮ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು. ಫಾದರಿಗೆ ಗೊತ್ತಾಯಿತು. ಅವರು ಮುಗುಳ್ನಕ್ಕು ಅಮ್ಮನ ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿ ಕಳಿಸಿದರು. ವಾಪಸ್ ಬಂದ ಅಮ್ಮ ನನ್ನ ಹೆಂಡತಿಯ ಕಡೆ ಬಗ್ಗಿ ಮೆಲ್ಲಗೆ ಕೇಳಿದರು: "ಯವ್ವಾ, ನನ್ನ ಪಾಳಿ ಬಂದಾಗ ಖಾಲಿ ಆತೇನು?"

ಹಿಂದಿದ್ದವರಿಗೆ ಸಿಕ್ಕಿದ್ದನ್ನ ಅವರು ಆಮೇಲೆ ನೋಡಿದರು. ಕೇಕ್ ಹಂಚುವಾಗ ನನ್ನನ್ನ ಹಿಡಿದು ನಿಲ್ಲಿಸಿ ವಿಚಾರಿಸಿದರು. ನಾನು ಹೇಳುತ್ತಾ ಹೋದೆ. ಅದು ಬರೀ ಹಂಚುವ ಸಿಹಿ ಅಲ್ಲಮ್ಮ. ಫಾದರ್ ಆ ಮಾತುಗಳನ್ನ ಹೇಳಿದ ಮೇಲೆ ರೊಟ್ಟಿ ನೋಡಲು ರೊಟ್ಟಿಯಂತೆಯೇ ಇದ್ದರೂ ನಿಜವಾಗಿ ಕ್ರಿಸ್ತನ ದೇಹವೇ ಆಗುತ್ತದೆ ಅಂತ ಅವರ ನಂಬಿಕೆ. ಅದಕ್ಕೆ ಜ್ಞಾನಸ್ನಾನ, ಅಂದರೆ ನೀರಿನಿಂದ ದೀಕ್ಷೆ ಕೊಟ್ಟು ಸಭೆಗೆ ಸೇರಿಸಿಕೊಳ್ಳುವುದು, ಆಗಿರಬೇಕು, ಮಕ್ಕಳಾದರೆ ಕಲಿತು ಸಿದ್ಧರಾಗಿರಬೇಕು, ದೊಡ್ಡ ಪಾಪ ಮಾಡಿದ್ದರೆ ಮೊದಲು ಪಾಪನಿವೇದನೆ ಮಾಡಿಕೊಂಡಿರಬೇಕು, ಒಂದು ತಾಸು ಉಪವಾಸ ಇರಬೇಕು. ಇದು ಇತ್ತೀಚಿನ ಕಟ್ಟಳೆಯೂ ಅಲ್ಲ. 150ರ ಸುಮಾರಿಗೆ ಜಸ್ಟಿನ್ ಅನ್ನುವವರು ರೋಮಿನ ಚಕ್ರವರ್ತಿಗೆ ಬರೆದ ಅರಿಕೆಯಲ್ಲೇ ನಂಬಿ ಸ್ನಾನ ಪಡೆದವರಿಗೆ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ ಅಂತಿದೆ. ಹಳೇ ಕಾಲದಲ್ಲಿ ಸ್ನಾನ ಆಗದವರನ್ನ ಆ ಭಾಗ ಶುರುವಾಗುವ ಮೊದಲೇ ಹೊರಗೆ ಕಳಿಸುತ್ತಿದ್ದರು, ನೋಡಲೂ ಬಿಡುತ್ತಿರಲಿಲ್ಲ. ಈಗ ನೋಡಲು ಬಿಡುತ್ತಾರೆ. ಸಾಲಿನಲ್ಲಿ ನಿಲ್ಲುವ ಗೊಂದಲ ಬಂದಿದ್ದು ಅದರಿಂದಲೇ.

ಅಮ್ಮ ಪೂರ್ತಿ ಕೇಳಿಸಿಕೊಂಡರು. "ಹಂಗಾದ್ರ ಲಿಂಗದೀಕ್ಷೆ ಇದ್ದಂಗ. ಅದು ಆಗದ ಕೆಲವು ಮಾಡಂಗಿಲ್ಲ, ನಮ್ಮಾಗೂ ಐತಿ. ತಿಳೀತು ಬಿಡಪ್ಪ" ಅಂದರು. ಇಷ್ಟಕ್ಕೆ ನಿಲ್ಲಿಸಿದ್ದರೆ ನನಗೂ ಹಾಯಾಗಿರುತ್ತಿತ್ತು. ಅವರು ಮುಂದುವರಿಸಿದರು. "ಆದ್ರ ಮೊದಲs ಹೇಳಬೇಕಿಲ್ಲೇನು? ಮೈಕ್ ಐತಿ, ಅಷ್ಟು ಹೊತ್ತು ಮಾತಾಡಿದ್ರು. ಕರದು ಕುಂದ್ರಿಸಿ, ಸಾಲಿನಾಗ ನಿಂತ ಮ್ಯಾಲೆ ಕಳಿಸೋದು ಚಲೋ ಅಲ್ಲ." ನನಗೂ ಹಾಗೇ ಅನ್ನಿಸುತ್ತದೆ. ನಿಯಮ ಇರಲಿ, ಅದಕ್ಕೆ ಕಾರಣ ಇದೆ, ತೂಕವೂ ಇದೆ. ಆದರೆ ಕ್ರಿಸ್‌ಮಸ್ ರಾತ್ರಿ ಅರ್ಧ ಊರೇ ಚರ್ಚಿಗೆ ಬರುತ್ತದೆ ಅಂತ ಗೊತ್ತಿದ್ದೂ ಎರಡು ವಾಕ್ಯ ಹೇಳದಿರುವುದಕ್ಕೆ ಯಾವ ಕಾರಣವೂ ಇಲ್ಲ. ಕೆಲವು ಕಡೆ ಹೇಳುತ್ತಾರೆ. ಹೇಳುವ ಕಡೆ ಬಂದ ಅತಿಥಿಗಳು ಎದೆಯ ಮೇಲೆ ಕೈ ಅಡ್ಡ ಇಟ್ಟುಕೊಂಡು ಆಶೀರ್ವಾದಕ್ಕೇ ಅಂತ ಬರುತ್ತಾರೆ. ಯಾರಿಗೂ ಮುಖಭಂಗ ಆಗುವುದಿಲ್ಲ.

ಒಂದು ಮನೆ, ಎರಡು ಮೇಜು

ಅಮ್ಮನಿಗೆ ನಾನು ಹೇಳದೇ ಬಿಟ್ಟಿದ್ದು ಒಂದಿದೆ. ಅವತ್ತು ಆ ಸಾಲಿಗೆ ನಾನೂ ಹೋಗಿರಲಿಲ್ಲ. ನಾನು ಹೋದರೂ ನನಗೂ ತಲೆ ಮೇಲೆ ಕೈಯೇ. ನನಗೆ ಜ್ಞಾನಸ್ನಾನ ಆಗಿದೆ, ಅದನ್ನ ಅವರು ಒಪ್ಪುತ್ತಾರೆ ಕೂಡ. ಆದರೂ ಮೇಜಿಗೆ ಕರೆಯುವುದಿಲ್ಲ. ನನ್ನ ಹೆಂಡತಿ ನಮ್ಮ ಚರ್ಚಿಗೆ ಬಂದರೆ ನಮ್ಮವರು ಕೊಡುತ್ತಾರೆ, ಅವಳ ಸಭೆಯ ನಿಯಮ ಅವಳನ್ನ ಬಿಡುವುದಿಲ್ಲ. ನಾನೀಗ ರಾಯಚೂರಿನಲ್ಲಿ ಹೋಗುವುದು ಮೆಥಡಿಸ್ಟ್ ಚರ್ಚಿಗೆ, ಅಲ್ಲಿ ನನಗೆ ಏನೂ ಅಡ್ಡಿಯಿಲ್ಲ. ಮದುವೆಯಾಗಿ ಇಷ್ಟು ವರ್ಷವಾಯಿತು, ಒಂದೇ ತಟ್ಟೆಯಲ್ಲಿ ಉಂಡಿದ್ದೇವೆ, ಆ ಒಂದು ತುಂಡು ಮಾತ್ರ ಒಟ್ಟಿಗೆ ತಿಂದಿಲ್ಲ.

1529ರಲ್ಲಿ ಜರ್ಮನಿಯ ಮಾರ್‌ಬುರ್ಗ್ ಕೋಟೆಯಲ್ಲಿ ಲೂಥರ್ ಮತ್ತು ಜ್ವಿಂಗ್ಲಿ ಇದನ್ನ ಬಗೆಹರಿಸಲು ಕೂತಿದ್ದರು. ಇಬ್ಬರೂ ರೋಮಿನ ಪೋಪರ ಚರ್ಚಿನಿಂದ ಬೇರೆಯಾದ ಪ್ರೊಟೆಸ್ಟೆಂಟ್ ಮುಖಂಡರು, ಒಂದಾಗಬೇಕು ಅಂತಲೇ ಸೇರಿದವರು. 15 ವಿಷಯಗಳಲ್ಲಿ 14ಕ್ಕೆ ಒಪ್ಪಿಗೆಯಾಯಿತು. 15ನೆಯದು ಈ ರೊಟ್ಟಿ ಮತ್ತು ಬಟ್ಟಲು. 'ಇದು ನನ್ನ ದೇಹ' ಅನ್ನುವ ಮಾತನ್ನ ಲೂಥರ್ ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದು, ಇದರಿಂದ ಕದಲುವುದಿಲ್ಲ ಅಂತ ಕೂತರು. ಇಲ್ಲ, ಇದು ನೆನಪಿನ ಗುರುತು ಅಂತ ಜ್ವಿಂಗ್ಲಿ. ಮುರಿದುಬಿತ್ತು. ನಮ್ಮ ದಕ್ಷಿಣ ಭಾರತದಲ್ಲಿ ಅದಕ್ಕೆ ಉಲ್ಟಾ ಒಂದು ನಡೆಯಿತು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್ನರು, ಲಂಡನ್ ಮಿಷನ್ ಥರದ ಸಭೆಗಳು, ಬ್ರಿಟಿಷ್ ಮೂಲದ ಮೆಥಡಿಸ್ಟರು ಸೇರಿ ಸಿಎಸ್‌ಐ ಆದರು. ಬಿಷಪ್ಪರಿರುವವರೂ ಬೇಡ ಅನ್ನುವವರೂ ಒಂದೇ ಮೇಜಿಗೆ ಬಂದರು. ಅಜ್ಜಿ ಅದನ್ನ ದೊಡ್ಡ ವಿಷಯ ಅಂತ ಯಾವತ್ತೂ ಹೇಳಲಿಲ್ಲ. ಅವಳ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡದು ಮೊದಲೇ ಆಗಿಹೋಗಿತ್ತು.

ಹೆಂಡತಿಯ ಊರು ಮುದಗಲ್ಲಿನ ಚರ್ಚು ಆದಿಲ್‌ಶಾಹಿ ಕಾಲದ್ದು, 16ನೇ ಶತಮಾನದ್ದು ಅನ್ನುತ್ತಾರೆ. ಅವಳ ಅಜ್ಜಿ ಪರಮಪ್ರಸಾದ ತಗೊಳ್ಳುವ ದಿನ ಹಿಂದಿನ ನಡುರಾತ್ರಿಯಿಂದ ಹನಿ ನೀರೂ ಮುಟ್ಟುತ್ತಿರಲಿಲ್ಲ. ಒಂದು ತಾಸಿನ ಉಪವಾಸ ಸಾಕು ಅಂತ 1964ರಲ್ಲೇ ಪೋಪರು ಸಡಿಲ ಮಾಡಿದ್ದಾರಮ್ಮ ಅಂತ ಮನೆಯವರು ಎಷ್ಟು ಹೇಳಿದರೂ "ಪೋಪ್ ಸ್ವಾಮಿಗೆ ವಯಸ್ಸಾಗಿತ್ತೋ ಏನೋ" ಅನ್ನುತ್ತಿದ್ದರಂತೆ. ಅದೇ ಅಜ್ಜಿ ಮೊಹರಮ್ಮಿನಲ್ಲಿ ಪಕ್ಕದ ಮನೆಯಿಂದ ಬಂದ ಚೊಂಗ್ಯಾ ಅನ್ನುವ ಸಿಹಿತಿಂಡಿ ಮಾತ್ರ ಡಬ್ಬಿಯಲ್ಲಿಟ್ಟುಕೊಂಡು ದಿನಾ ಒಂದೊಂದು ತಿನ್ನುತ್ತಿದ್ದರು. ಮುದಗಲ್ಲಿನ ಮೊಹರಂ ಗೊತ್ತಲ್ಲ, ಯಾವ ಜಾತಿಯವರೂ ಮನೆಯಲ್ಲಿ ಕೂರುವುದಿಲ್ಲ. ದರ್ಗಾದ್ದು ತಿನ್ನಬಹುದಾ ಅಂತ ಅವರನ್ನ ಯಾರೂ ಕೇಳಲಿಲ್ಲ. ಅವರೂ ಯಾವ ಫಾದರನ್ನೂ ಕೇಳಲಿಲ್ಲ.

ಬರುವ ಮೇ ತಿಂಗಳಲ್ಲಿ ಹೆಂಡತಿಯ ಅಣ್ಣನ ಮಗಳ ಮೊದಲ ಪರಮಪ್ರಸಾದ ಇದೆ. ಎಂಟು ವರ್ಷದ ಹುಡುಗಿ, ಬಿಳಿ ಫ್ರಾಕ್ ಈಗಲೇ ಹೊಲಿಸಿಟ್ಟಿದ್ದಾರೆ. ಆಫೀಸಿನವರನ್ನೆಲ್ಲಾ ಕರೆದಿದ್ದೇನೆ, ನಮ್ಮ ಸೆಕ್ಷನ್ನಿನ ಹುಡುಗಿ ಅವ್ವನನ್ನೂ ಕರಕೊಂಡು ಬರ್ತೀನಿ ಅಂದಿದ್ದಾಳೆ. ಚರ್ಚಿನಲ್ಲಿ ಸಾಲಿಗೆ ನಿಲ್ಲಬೇಡಿ, ಬೆಂಚಿನಲ್ಲೇ ಕೂರಿ ಅಂತ ಮುಂಚೆಯೇ ಹೇಳಿಬಿಟ್ಟೆ, ಯಾಕೆ ಅಂತಲೂ ಹೇಳಿದೆ. ಪರಿಮಳ ಪ್ರಸಾದ ತರುವ ನಮ್ಮ ಹಿರಿಯರು ಎಲ್ಲಾ ಕೇಳಿಸಿಕೊಂಡು, ಸ್ವಲ್ಪ ಸಂಕೋಚದಿಂದ, ಅದೆಲ್ಲಾ ಸರಿ ಆದರೆ ಊಟಕ್ಕೆ ಮಟನ್ ಇರ್ತದಲ್ಲ, ನಮ್ಮದು ಹೆಂಗ್ರಿ ಅಂದರು. ಎಣ್ಣೆಗಾಯಿಗೆ ಬೇರೆ ಪಾತ್ರೆ, ಬೇರೆ ಸೌಟು, ಅಡುಗೆಗೂ ಬೇರೆ ಜನ ಅಂತ ನಮ್ಮ ಮಾವ ಆಗಲೇ ಹೇಳಿಟ್ಟಿದ್ದಾರೆ ರೀ ಅಂದೆ.